ರೂತಮ್ಮನ ಧ್ಯಾನದ ಪುಸ್ತಕ

ಆಗ ಹಾಸನದಲ್ಲಿ ಕಾಗದಕ್ಕೆ ಬರಗಾಲ. ಎಲ್ಲೋ ಯುದ್ಧ ನಡೆಯುತ್ತಿತ್ತು; ನಮ್ಮ ಮಿಷನ್ ಹಾಸ್ಟೆಲಿನ ಹುಡುಗಿಯರಿಗೆ ಸಿಗುತ್ತಿದ್ದದ್ದು ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಬೆನ್ನು. ಎಸ್ತೇರಮ್ಮ ಟೀಚರು ಅವನ್ನೇ ಗೋಣಿದಾರದಲ್ಲಿ ಹೊಲಿದು ತಲೆಗೊಂದು ಪುಸ್ತಕ ಮಾಡಿಕೊಡುತ್ತಿದ್ದರು. ಬೆಳಗ್ಗೆ ಸತ್ಯವೇದದ ಆ ದಿನದ ಭಾಗ ಓದಿ, ಅದು ನಮಗೆ ಏನು ಹೇಳಿತೆಂದು ಅದರಲ್ಲಿ ನಾಲ್ಕು ಸಾಲು ಬರೆಯಬೇಕು. ಅಡುಗೆಮನೆಯಿಂದ ರಾಗಿ ಅಂಬಲಿಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಬರೆಯದೆ ಏಳುವಂತಿಲ್ಲ. ಅದಕ್ಕೆ ಧ್ಯಾನದ ಪುಸ್ತಕ ಎನ್ನುತ್ತಿದ್ದೆವು. ಎಲ್ಲಕ್ಕಿಂತ ಚೆನ್ನಾಗಿ ಬರೆದದ್ದನ್ನು ಟೀಚರು ಭಾನುವಾರ ಎಲ್ಲರೆದುರು ಓದುತ್ತಿದ್ದರು.

ನಾನು ಹೊಳೆನರಸೀಪುರದ ಉಪದೇಶಿಯ ಮಗಳು. ಚರ್ಚಿನಲ್ಲಿ ಅಪ್ಪ ಮಾಡುತ್ತಿದ್ದ ಪ್ರಸಂಗಗಳು ಬಾಯಿಪಾಠ, ಅಕ್ಷರ ಮುತ್ತಿನಂತೆ. ಭಾನುವಾರದ ಓದು ನನ್ನದಲ್ಲದೆ ಇನ್ಯಾರದು ಎಂದುಕೊಂಡಿದ್ದೆ. ಆದರೆ ಮೊದಲ ಮೂರು ವಾರವೂ ಓದಿಸಿಕೊಂಡವಳು ರೂತಮ್ಮ. ಸಾಲಗಾಮೆ ಕಡೆಯ ಕೂಲಿಯವರ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು, ಒತ್ತಕ್ಷರ ನೆಟ್ಟಗೆ ಬರೆಯಲಾರದವಳು.

ಮೂರನೆಯ ವಾರ, ಅಕ್ಕತಂಗಿಯರಾದ ಮಾರ್ಥಳು ಮರಿಯಳು ಇದ್ದ ಮನೆಗೆ ಯೇಸು ಬಂದ ಭಾಗ ಓದಿ ಅವಳು ಬರೆದದ್ದು ಹೀಗಿತ್ತು: “ಮರಿಯಳು ಯೇಸುಸ್ವಾಮಿಯ ಪಾದದ ಹತ್ತಿರ ಕೂತಳು, ಸರಿ. ಮಾರ್ಥಳೂ ಕೂತಿದ್ದರೆ ಒಲೆ ಹಚ್ಚುವವರು ಯಾರು? ನಮ್ಮವ್ವನೂ ಮಾರ್ಥಳೇ. ಅವಳಿಗೂ ಒಂದು ದಿನ ಕೂರುವ ಆಸೆ ಇರುತ್ತದೆ.”

ಟೀಚರು ಅದನ್ನು ಎರಡು ಸಲ ಓದಿದರು. ನನ್ನ ಪುಸ್ತಕದಲ್ಲಿ ಅವರು, “ಇದು ನಿಮ್ಮಪ್ಪನ ಮಾತು. ನಿನ್ನದು ಎಲ್ಲಿದೆಯಮ್ಮ?” ಎಂದು ಬರೆದಿದ್ದರು. ನನಗೆ ಹೊಟ್ಟೆ ಉರಿದುಹೋಯಿತು. ಆ ಸಾಲು ನನಗೇಕೆ ಹೊಳೆಯಲಿಲ್ಲ?

ಶನಿವಾರ ಎಣ್ಣೆಸ್ನಾನ. ಬಚ್ಚಲ ಹಂಡೆಯ ಒಲೆಗೆ ಉರಿ ಹಾಕುವ ಸರದಿ ನನ್ನದು. ರೂತಮ್ಮನ ಪುಸ್ತಕ ಅವಳ ತಗಡಿನ ಪೆಟ್ಟಿಗೆಯ ಮೇಲಿತ್ತು. ಸೀಗೆಪುಡಿ ತರಲು ಹೋದವಳು ಅದನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಒಲೆಗೆ ತುರುಕಿದೆ. ಗೋಣಿದಾರ ಉರಿಯುವ ಕಮಟು ವಾಸನೆ ಬಂತು, ಅಷ್ಟೆ.

“ಸುಗುಣಕ್ಕಾ, ನನ್ ಪುಸ್ತ್ಕ ಕಂಡ್ಯಾ? ವಸಿ ನೀನೂ ಉಡುಕ್ ಬಾ” ಎಂದಳು ರೂತಮ್ಮ. ನಾನೂ ಅವಳ ಜೊತೆ ಚಾಪೆಗಳನ್ನೆಲ್ಲ ಎತ್ತಿ ಹುಡುಕಿದೆ!

“ಇನ್ನು ಕಾಗದ ಇಲ್ಲ ಕಣಮ್ಮ, ರಜ ಮುಗೀಲಿ” ಎಂದರು ಟೀಚರು.

“ಓಗ್ಲಿ ಬುಡಿ ಟೀಚರಮ್ಮ” ಎಂದ ಅವಳು ಮಾರನೆಯ ದಿನದಿಂದ ಓದಿ, ಸುಮ್ಮನೆ ಕಿಟಕಿಯ ಕಡೆ ನೋಡುತ್ತ ಕೂರತೊಡಗಿದಳು. ಎಲ್ಲರೂ ಬರೆಯುವಾಗ ಅವಳ ಖಾಲಿ ಕೈ ನೋಡಲಾಗುತ್ತಿರಲಿಲ್ಲ. ನಾಲ್ಕನೆಯ ಬೆಳಗ್ಗೆ ಬರೆಯಲು ಕೂತರೆ ನನಗೆ ಅಪ್ಪನ ಒಂದು ಮಾತೂ ನೆನಪಿಗೆ ಬರಲಿಲ್ಲ. “ರೂತಮ್ಮನ ಪುಸ್ತಕ ಸುಟ್ಟವಳು ನಾನು. ಅವಳ ಹಾಗೆ ಬರೆಯಲು ಬಾರದೆ ಸುಟ್ಟೆ” ಎಂದು ಬರೆದು ಟೀಚರಿಗೆ ಕೊಟ್ಟೆ.

ಅವರು ಓದಿ ಪುಸ್ತಕವನ್ನು ನನ್ನ ಕೈಗೇ ಹಿಂತಿರುಗಿಸಿದರು. “ಇದನ್ನ ಓದಿ ಹೇಳಬೇಕಾದ್ದು ನಂಗಲ್ಲ, ಅವಳಿಗೆ. ಹೋಗು.”

ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಅವಳೆದುರು ನಿಂತು ಓದಿದೆ. ರೂತಮ್ಮ ಕೊಡವನ್ನು ಮೇಲೆಳೆದು ಕಟ್ಟೆಯ ಮೇಲಿಟ್ಟಳು. ಅವಳ ಕಣ್ಣು ತುಂಬಿಕೊಂಡಿತು. ಆಮೇಲೆ ಮೂಗೊರೆಸಿಕೊಂಡು, “ಈಗ ಚೆಂದಾಗ್ ಬರ್ದಿದ್ದೀಯ ಕಣಕ್ಕ” ಎಂದಳು.

ರಜಕ್ಕೆ ಊರಿಗೆ ಹೋದ ಅವಳು ಹಾಸ್ಟೆಲಿಗೆ ಮರಳಲಿಲ್ಲ. ಅರಕಲಗೂಡಿನ ಕಡೆ ಮದುವೆ ಮಾಡಿಕೊಟ್ಟರಂತೆ. ಮತ್ತೆ ಏನಾದರೂ ಬರೆದಳೋ ಇಲ್ಲವೋ ತಿಳಿಯಲಿಲ್ಲ. ನಾನು ಮಾತ್ರ ಇಂದಿಗೂ ಪ್ರತಿ ಬೆಳಗ್ಗೆ ಓದಿ ಬರೆಯುತ್ತೇನೆ. ಒಳ್ಳೆಯ ಬಿಳಿ ಕಾಗದ, ಬೇಕಾದಷ್ಟು. ಕಪಾಟು ತುಂಬಿದೆ. ಕ್ಷಮೆಯ ಬಗ್ಗೆಯೇ ಎಷ್ಟು ಪುಟ ಬರೆದಿದ್ದೇನೋ. ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳಲ್ಲ ಎಂದು ಅವಳ ಮೇಲೆ ಈಗಲೂ ಹೊಟ್ಟೆಕಿಚ್ಚು ನನಗೆ.