ನಾನು ದಾಟದ ಹೊಸ್ತಿಲು

ಪಟ್ಟಣದ ಕೋಟೆಯೊಳಗೆ ಇಂಗ್ಲಿಷರ ಪ್ರಾರ್ಥನಾಮಂದಿರಕ್ಕೆ ಬಾಗಿಲು ನಿಲ್ಲಿಸಿದವನು ನಾನು. ಆ ಹೊಸ್ತಿಲನ್ನು ನನಗಿಂತ ಮೊದಲು ಅವರು ದಾಟಿದರು. ನನಗಾದ ಅನ್ಯಾಯ ಇಷ್ಟೇ. ಇಷ್ಟೇ ತಾನೇ ಎಂದು ನಕ್ಕವರ ಮುಖಗಳೂ ನನಗೆ ನೆನಪಿವೆ.

ಅದು ಕೋಟೆ ಇಂಗ್ಲಿಷರ ಕೈಗೆ ಬಿದ್ದ ವರ್ಷ. ಪ್ರಾರ್ಥನೆಗೆಂದು ಅವರು ಆರಿಸಿಕೊಂಡದ್ದು ಹಳೆಯ ಉಗ್ರಾಣದ ಕಟ್ಟಡವನ್ನು. ಅದರ ತೇಗದ ಕಂಬಗಳನ್ನು ಕೆತ್ತಿದವರು ನಮ್ಮ ತಂದೆ. ಗುಂಡು ಬಡಿದು ಬಾಗಿಲು ಸೀಳಿಹೋಗಿತ್ತು. ಹೊಸದಕ್ಕಾಗಿ ಅವರ ಪಾದ್ರಿ ನನ್ನನ್ನು ಕರೆಸಿದರು. ಉಳಿ ಮುಟ್ಟುವ ಮೊದಲೇ ನಾನು ದುಭಾಷಿಯ ಮೂಲಕ ನಮ್ಮ ಪದ್ಧತಿಯನ್ನು ತಿಳಿಸಿದೆ: ಬಾಗಿಲು ನಿಲ್ಲಿಸಿದ ಆಚಾರಿ ಹೊಸ್ತಿಲನ್ನು ಪೂಜಿಸಿ, ಬಲಗಾಲಿಟ್ಟು ತಾನೇ ಮೊದಲು ಒಳಹೋಗಬೇಕು, ಹೊರಬಂದು ತಾಂಬೂಲ ಪಡೆದು ಬಾಗಿಲನ್ನು ಮನೆಯವರಿಗೆ ಬಿಟ್ಟುಕೊಡಬೇಕು. ಅಲ್ಲಿಯವರೆಗೆ ಅದು ಆಚಾರಿಯದು. ಪಾದ್ರಿ ನನ್ನ ಕೈಹಿಡಿದು, ಇದು ಎಲ್ಲರ ಮನೆ, ನಿಮ್ಮ ಪದ್ಧತಿಯಂತೆಯೇ ಆಗಲಿ ಎಂದರು. ನಾನು ನಂಬಿದೆ.

ಪೂಜೆಯ ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಹಚ್ಚಿ, ಹೂವಿಟ್ಟು, ತೆಂಗಿನಕಾಯಿಯ ಜುಟ್ಟು ಬಿಡಿಸುತ್ತ ಕುಳಿತಿದ್ದೆ. ಸೇನಾಧಿಕಾರಿಯೊಬ್ಬನ ಹೆಂಡತಿ ಪಲ್ಲಕ್ಕಿಯಿಂದಿಳಿದು ಬಿಸಿಲೆಂದಳು. ಪಾದ್ರಿ ಆಕೆಯನ್ನು ಕೈಹಿಡಿದು ಒಳಗೆ ಕರೆದೊಯ್ದರು. ಆಕೆಯ ಪಾದರಕ್ಷೆಯ ಗುರುತು ಅರಿಶಿನದ ಮೇಲೆ ಮೂಡಿತು.

"ಸುಮ್ಕಿರಿ ಆಚಾರ್ರೇ, ದೊರೆಸಾನಿ ಬಿಸ್ಲು ತಡೀನಾರ್ದೆ ಓಗ್ಬುಟ್ರು," ಎಂದು ದುಭಾಷಿ ನಕ್ಕ.

"ಅವ್ರು ನೆಳ್ಳಲ್ಲಿ ನಿಂತ್ಕಳಕ್ಕೆ ಊರಲ್ಲಿ ಬ್ಯಾರೆ ಸೂರಿರ್ನಿಲ್ವಾ? ಬಾಗ್ಲ ನಾನಿನ್ನೂ ಬುಟ್ಕೊಟ್ಟಿಲ್ಲ ಕಣಯ್ಯ!"

"ಇಷ್ಟೇ ತಾನೇ? ಈಗ ಓಗಿ, ಯಾರ್ ಬ್ಯಾಡ ಅಂದೋರು?"

ಅಷ್ಟರಲ್ಲಿ ಆಳೊಬ್ಬ ಬಂದು ಹೂವನ್ನೂ ಅರಿಶಿನವನ್ನೂ ಪೊರಕೆಯಿಂದ ಗುಡಿಸಿದ. ಒಳಗಿನಿಂದ ಪಾದ್ರಿ ಎರಡೂ ಕೈ ಚಾಚಿ, ನಗುನಗುತ್ತ ನನ್ನನ್ನು ಕರೆದರು. ಆ ನಗುವಿನಲ್ಲಿ ಕಪಟವಿರಲಿಲ್ಲ. ತಾವು ಮಾಡಿದ್ದೇನೆಂಬುದೂ ಅವರಿಗೆ ತಿಳಿದಿರಲಿಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೇ. ಕಾಯಿಯನ್ನು ಒಡೆಯದೆ ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದೆ.

ನಾಗಮಂಗಲದ ನಮ್ಮ ಬೀಗರು ಹೊಸಮನೆ ಕಟ್ಟಿದಾಗ ಬಾಗಿಲು ನಿಲ್ಲಿಸಲು ಬೇರೊಬ್ಬನನ್ನು ಕರೆದರು. "ತಾನ್ ಮಡಗಿದ್ ವಸ್ಲಾ ಕಾಯ್ಕಳಕ್ಕಾಗ್ದೋನು ನಮ್ಮನೇದ ಕಾಯ್ದಾನಾ?" ಎಂದರಂತೆ. ಅಂದಿನಿಂದ ನನ್ನ ಪಾಲಿಗೆ ಉಳಿದದ್ದು ನೇಗಿಲು, ನೊಗ, ಗಾಡಿಯ ಗಾಲಿ.

ಆ ಮಂದಿರಕ್ಕೆ ಯಾರು ಬಂದರೂ ಆದರವಿದೆಯೆಂದು ಈಗ ಊರೆಲ್ಲ ಹೊಗಳುತ್ತದೆ. ಸುಳ್ಳಲ್ಲ. ಆದರೆ ಪಾದ್ರಿಗಳೇ, ನಾನಿನ್ನೂ ನಿಮಗೆ ಬಿಟ್ಟುಕೊಡದ ಬಾಗಿಲೊಳಗೆ ನಿಂತು ನನ್ನನ್ನೇ ಅತಿಥಿಯೆಂದು ಕರೆಯುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?