ಒಂಬತ್ತನೆಯ ರಾಣಿ

ಲೊಟ್, ಲೊಟ್.

ಇಂದುಧರ ಅವರ ಮನೆಯ ಅಟ್ಟದ ಮೇಲೆ ಯಾರೋ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಿದ್ದರೆ ಬರುವ ಸದ್ದು ಅದು. ಅರಸೀಕೆರೆಯಲ್ಲಿ ಹುಟ್ಟಿದ ಕೂಸಿಗೂ ಅದರ ಗುರುತಿದೆ. ಆದರೆ ಈ ಮೂರು ವಾರಗಳಿಂದ ಮೀನಾಕ್ಷಿಗೆ ಆ ಸದ್ದು ಕೇಳಿದಾಗಲೆಲ್ಲ ಒಂದೇ ಅನಿಸಿಕೆ: ತನ್ನನ್ನೂ ಹಾಗೆಯೇ ಯಾರೋ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೇನಿದೆ ಎಂದು ಕಿವಿಗೊಟ್ಟು ಕೇಳುತ್ತಿರುವಂತೆ.

ಅವಳು ಜಗುಲಿಯ ತುದಿಯಲ್ಲಿ ಕುಳಿತಿದ್ದಳು. ಬೆಳಿಗ್ಗೆ ಇಂದುಧರ ಅವರ ಹೆಂಡತಿ ಹೇಮಲತಾ ಫೋನ್ ಮಾಡಿದ್ದಳು. "ಮಧ್ಯಾಹ್ನ ಮೇಲೆ ಒಂದ್ಸಲ ಬಂದ್ಹೋಗಿ ಮೀನಾಕ್ಷಿ ಅವ್ರೇ. ಅತ್ತೆ ನಿನ್ನೆ ತಿಪಟೂರಿಂದ ಬಂದ್ರು. ನಿಮ್ಮನ್ನೇ ನೋಡ್ಬೇಕಂತೆ." ಯಾಕೆ ಎಂದು ಮೀನಾಕ್ಷಿ ಕೇಳಲಿಲ್ಲ. ಹೇಮಲತಾ ಹೇಳಲೂ ಇಲ್ಲ.

ಅಡುಗೆಯ ಶಿವಗಂಗಮ್ಮ ಕಾಫಿ ತಂದು ಪಕ್ಕದಲ್ಲಿಟ್ಟು ಹೋದಳು. ಕಾಗದದ ಲೋಟ. ಐದು ವರ್ಷ ಇದೇ ಮನೆಯ ಅಡುಗೆಮನೆಯ ಮಣೆಯ ಮೇಲೆ ಕುಳಿತು, ಹೇಮಲತಾ ಕುಡಿಯುವಂಥದ್ದೇ ಸ್ಟೀಲ್ ಲೋಟದಲ್ಲಿ ಮೀನಾಕ್ಷಿ ಕಾಫಿ ಕುಡಿದಿದ್ದಳು. ಕಾಗದದ ಲೋಟ ಬಂದದ್ದು ದಸರಾ ಕಳೆದ ಮೇಲೆ.

ಮೀನಾಕ್ಷಿ ಹೊಲಿಗೆ ಕಲಿತದ್ದು ತಾಯಿ ಮುತ್ತಮ್ಮನಿಂದ. ಮುತ್ತಮ್ಮ ಸಂತೆಗೆ ಲಂಗ ಹೊಲಿದು ಮಗಳನ್ನು ಪಿಯುಸಿವರೆಗೆ ಓದಿಸಿದವಳು. ಮೀನಾಕ್ಷಿಯ ಗಂಡ ದೇವರಾಜ್ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದಾನೆ. ಸ್ಟೇಷನ್ ಹಿಂದಿನ ರಸ್ತೆಯ ಪುಟ್ಟ ಮನೆಯಲ್ಲಿ, ಕಿಟಕಿಯ ಪಕ್ಕಕ್ಕೆ ಅವಳ ಮಿಷನ್. ಗೋಡೆಯ ಮೇಲೆ ಬುದ್ಧನ ಪಟ. ದಿನದ ಕೆಲಸ ಮುಗಿದ ಮೇಲೆ ಕತ್ತರಿಯನ್ನು ಆ ಪಟದ ಕೆಳಗೆ ಇಡುವುದು ಅವಳ ರೂಢಿ. ಪೇಟೆ ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಕೈಯದು. ರವಿಕೆ ಹೊಲಿಯುವವಳಿಗೆ ಪ್ರತಿ ಮನೆಯ ಒಳಕೋಣೆಯವರೆಗೂ ದಾರಿ ಇರುತ್ತದೆ. ಬೀರು ತೆರೆದಿರುತ್ತದೆ, ಬಿಚ್ಚಿಟ್ಟ ಬಳೆ ಮಂಚದ ಮೇಲೇ ಇರುತ್ತದೆ. ಆ ದಾರಿಯೇ ಅವಳ ಅಂಗಡಿ, ಅವಳ ಹೆಸರು. ಅದು ಮುಚ್ಚಿದರೆ ಮಿಷನ್ನೂ ಮುಚ್ಚಿದಂತೆ.

ಐದು ವರ್ಷದ ಹಿಂದೆ ಒಂದು ದಿನ ಹೇಮಲತಾ, ಕೂಸಿಗೆ ಚುಚ್ಚುಮದ್ದು ಹಾಕಿಸಲು ತಂದಂತೆ ಶಾಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಿದ್ದಳು. ಬಿಚ್ಚಿದರೆ ಒಂದು ಗೇಣಿಗಿಂತ ತುಸು ಎತ್ತರದ ವಿದೇಶಿ ಗೊಂಬೆ. ಮೊಣಕಾಲು ಮಡಚುತ್ತದೆ, ಕತ್ತು ತಿರುಗುತ್ತದೆ, ಕಣ್ಣ ರೆಪ್ಪೆ ನಿಜವಾದದ್ದೇ ಎನ್ನುವ ಹಾಗಿದೆ.

"ನಗಬೇಡ ಕಣೇ ಮೀನಾ. ಇದನ್ನ ಜಪಾನಿನ ರಾಣಿ ಮಾಡ್ಕೊಡ್ಬೇಕು ನೀನು."

"ಅಕ್ಕ, ಇವಳ ಸೊಂಟ ನನ್ನ ಎರಡು ಬೆರಳಿನಷ್ಟೂ ಇಲ್ಲ. ಇವಳು ಊಟಗೀಟ ಮಾಡ್ತಾಳೋ ಇಲ್ವೋ?"

"ರಾಣಿಗೆ ಊಟದ ಚಿಂತೆ ಯಾಕೆ, ನೀನು ಹೊಲಿ."

ಹಾಗೆ ಶುರುವಾಯಿತು. ಹೇಮಲತಾ ಗೊಂಬೆ ತರಿಸುತ್ತಿದ್ದಳು, ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದಳು. ಮೀನಾಕ್ಷಿ ರವಿಕೆ ಹೊಲಿದು ಉಳಿದ ರೇಷ್ಮೆಯ ಚೂರುಗಳಲ್ಲಿ ರಾಜ್ಯಗಳನ್ನು ಕಟ್ಟುತ್ತಿದ್ದಳು. ಜಪಾನಿನವಳಿಗೆ ಒಂದರ ಮೇಲೊಂದು ಏಳು ನಿಲುವಂಗಿ. ಇಂಗ್ಲೆಂಡಿನವಳ ಕೊರಳಪಟ್ಟಿ ಸೆಟೆದು ನಿಲ್ಲಲು ಅಕ್ಕಿ ಗಂಜಿ. ಇಥಿಯೋಪಿಯಾದವಳ ಬಿಳಿ ಬಟ್ಟೆಯ ಅಂಚಿಗೆ ಹಳೆಯ ಸೀರೆಯ ಜರಿ. ಈಜಿಪ್ಟ್, ಚೀನಾ, ರಷ್ಯಾ, ಪರ್ಷಿಯಾ, ದಿಲ್ಲಿಯ ಬೇಗಂ ಸೇರಿ ಎಂಟಾದರು. ನವರಾತ್ರಿಗೆ ಒಂಬತ್ತು ಬೇಕು ಎಂದು ಹೇಮಲತಾ ಹಟ ಹಿಡಿದಳು. ಒಂಬತ್ತನೆಯವಳು ನಮ್ಮ ನೆಲದವಳೇ ಆಗಲಿ, ಹೊಯ್ಸಳರ ರಾಣಿ.

ಅದಕ್ಕಾಗಿ ಮೀನಾಕ್ಷಿ ಏಳನೇ ತರಗತಿಯ ಮಗಳು ನಯನಾಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬೇಲೂರಿನ ಗುಡಿಯಲ್ಲಿ ತಾಯಿ ಮಗಳು ಅರ್ಧ ದಿನ ಕತ್ತೆತ್ತಿಕೊಂಡೇ ನಿಂತರು. "ಅಮ್ಮ, ಎಲ್ಲಾದ್ರೂ ಹೊಲಿಗೆ ಕಾಣ್ತಿದೆಯಾ?" ಎಂದು ನಯನಾ ಕೇಳಿದಳು. ಇರಲಿಲ್ಲ. ಕಲ್ಲಿನ ಹೆಣ್ಣುಗಳಿಗೆಲ್ಲ ಸುತ್ತಿದ ನೆರಿಗೆ, ಇಳಿಬಿದ್ದ ಸರ. ಒಂದೇ ಒಂದು ಹೊಲಿಗೆ ಇಲ್ಲ. ಹೊಲಿಯುವವಳಿಗೆ ಕೆಲಸವೇ ಇಲ್ಲದ ಅರಮನೆ. ನಯನಾ ಗಣಿತದ ನೋಟ್‌ಬುಕ್ಕಿನಲ್ಲಿ ಕಿರೀಟ ಬರೆದುಕೊಂಡಳು. ಹಳೇಬೀಡು ನೋಡಿಕೊಂಡು ಬಸ್ತಿಹಳ್ಳಿಯ ಬಸದಿಗೆ ಹೋದಾಗ, ಅಲ್ಲಿನ ನುಣುಪು ಕಂಬದಲ್ಲಿ ತನಗೆ ಎರಡು ತಲೆ ಕಂಡಿತೆಂದು ಬಿದ್ದು ಬಿದ್ದು ನಕ್ಕಳು. ಸಾಸಿವೆ ಗಾತ್ರದ ಮಣಿಗಳನ್ನು ಪೋಣಿಸಿ ಆ ಕಿರೀಟ ಮಾಡಿದವಳೂ ಅವಳೇ, ನಾಲ್ಕು ಭಾನುವಾರ ಕುಳಿತು. ಸೊಂಟಕ್ಕೆ ಹೇಮಲತಾ ಬೆಳ್ಳಿಯ ಡಾಬು ಮಾಡಿಸಿ ತಂದಳು. ಭುಜ ಬಯಲು, ಕಣ್ಣು ಕೆಳಗೆ. ಗೊಂಬೆ ಕೊಡುವ ದಿನ ಮೀನಾಕ್ಷಿ ಎಲ್ಲರ ಎದುರಿಗೆ, "ಇವಳನ್ನ ಕೊಡೋಕೆ ಕೈಯೇ ಬರ್ತಿಲ್ಲ ಅಕ್ಕ. ಒಂದಿನ ಕದ್ಬಿಡ್ತೀನಿ, ನೋಡ್ತಿರಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಈಗ ಆ ಮಾತನ್ನು ಯಾರೂ ಮರೆತಿರಲಿಲ್ಲ.

ದಸರೆಗೆ ನಡುಮನೆಯಲ್ಲಿ ಗೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಹೇಮಲತಾಳ ಅತ್ತೆ ರುದ್ರಮ್ಮನವರು ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ಕೆಳಗೆ ಒಂಬತ್ತು ರಾಜ್ಯದ ಒಂಬತ್ತು ರಾಣಿಯರು. ವಿಜಯದಶಮಿಯ ಸಂಜೆ ಮನೆಯವರೆಲ್ಲ ಬನ್ನಿ ಮುಡಿಯಲು ಹೋದಾಗ, ಜಪಾನಿನವಳ ತೋಳು ಬಿಚ್ಚಿತ್ತೆಂದು ಮೀನಾಕ್ಷಿ ಬಂದಿದ್ದಳು. ಬೆಳಿಗ್ಗೆ ಬುದ್ಧವಿಹಾರದ ಸಭೆಗೆ ಉಟ್ಟ ಬಿಳಿ ಸೀರೆಯಲ್ಲೇ ಬಂದಿದ್ದಳು, ಜೊತೆಗೆ ನಯನಾ. ರುದ್ರಮ್ಮ ಒಳಗೆ ಮಲಗಿದ್ದರು. ಅರ್ಧ ಗಂಟೆ ನಡುಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಾರನೆಯ ಮುಂಜಾನೆ ರುದ್ರಮ್ಮ ಮಗಳ ಊರು ತಿಪಟೂರಿಗೆ ಹೊರಟುಹೋದರು. ಹತ್ತು ಗಂಟೆಗೆ ಹೇಮಲತಾ ಗೊಂಬೆ ಎತ್ತಿಡಲು ಕೂತಳು. ಎಂಟೇ ಇದ್ದವು.

"ಮೀನಾ, ಹೊಯ್ಸಳದವಳನ್ನ ಏನಾದ್ರೂ ಸರಿಮಾಡೋಕೆ ಮನೆಗೆ ತಗೊಂಡ್ಹೋದ್ಯಾ?"

"ಇಲ್ವಲ್ಲಕ್ಕಾ."

"ಸರಿ ಬಿಡಿ" ಎಂದು ಫೋನಿಟ್ಟಳು.

ಐದು ವರ್ಷದಲ್ಲಿ ಹೇಮಲತಾ ಅವಳಿಗೆ ಬಹುವಚನ ಹಾಕಿದ್ದು ಅದೇ ಮೊದಲು. ಮರ್ಯಾದೆ ಇಷ್ಟು ತಣ್ಣಗಿರಬಹುದೆಂದು ಮೀನಾಕ್ಷಿಗೆ ಗೊತ್ತಿರಲಿಲ್ಲ.

ಬಾಯಿ ಬಿಟ್ಟು ಯಾರೂ ಕಳ್ಳಿ ಎನ್ನಲಿಲ್ಲ. ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಹೇಮಲತಾಳ ಎದುರು ಮನೆಯ ರುಕ್ಮಿಣಮ್ಮ ಮದುವೆಯ ಎಂಟು ರವಿಕೆ ಕಣ ಕೊಡುತ್ತೇನೆ ಎಂದಿದ್ದವರು, "ಈ ಸಲ ರೆಡಿಮೇಡೇ ತಗೊಂಡ್ವಿ ಕಣಮ್ಮ" ಎಂದರು. ಇನ್ನೊಂದು ಮನೆಯಲ್ಲಿ ಅಳತೆ ತೆಗೆಯುವಾಗ ಅತ್ತೆಯೂ ಬಂದು ಮಂಚದ ಮೇಲೆ ಕೂತಳು, ಸುಮ್ಮನೆ. ಬೀರುವಿನ ಬಾಗಿಲು ಮುಚ್ಚಿತ್ತು.

"ಬಿಟ್ಟಾಕು, ಗೊಂಬೆ ತಾನೇ" ಎಂದ ದೇವರಾಜ್.

"ಗೊಂಬೆ ಅಲ್ಲ ಕಣ್ರೀ ಹೋಗಿದ್ದು."

ಅವಳೂ ಒಬ್ಬೊಬ್ಬರನ್ನೇ ತೂಗಿ ನೋಡಿದಳು. ಶಿವಗಂಗಮ್ಮ ಕಣ್ಣು ತಪ್ಪಿಸುತ್ತಾಳಲ್ಲ? ಹೇಮಲತಾಳೇ ಎಲ್ಲೋ ಇಟ್ಟು ಮರೆತು, ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದಾಳೆಯೇ? ಹಿಂದೆ ಒಲೆ ಹಚ್ಚಲು ಪಕ್ಕದ ಮನೆಯಿಂದ ಒಂದು ಕೆಂಡ ಕೇಳಿ ತರುತ್ತಿದ್ದರಂತೆ. ಅನುಮಾನವೂ ಹಾಗೆಯೇ ಮನೆಯಿಂದ ಮನೆಗೆ ಬರುತ್ತದೆ. ಅವಳ ಮನೆಗೆ ಅದನ್ನು ತಂದವರು ಇಂದುಧರ. ಒಂದು ಬೆಳಿಗ್ಗೆ ಸ್ಕೂಟರನ್ನು ಗೇಟಿನ ಹೊರಗೇ ನಿಲ್ಲಿಸಿ, ಬಹಳ ಮೆತ್ತಗೆ ಹೇಳಿದರು.

"ನೋಡಮ್ಮ, ಮಕ್ಕಳು ಆಸೆಪಟ್ಟು ಎತ್ಕೊಂಡಿದ್ರೂ ತಪ್ಪೇನಿಲ್ಲ. ಅಮ್ಮ ವಾಪಸ್ ಬರೋದ್ರೊಳಗೆ ಸಿಕ್ಬಿಟ್ರೆ ಸಾಕು. ದಸರಾ ಗೊಂಬೆ ಕಳೀತು ಅಂದ್ರೆ ಅವರು ಅಪಶಕುನ ಅಂತ ಊಟ ಬಿಟ್ಬಿಡ್ತಾರೆ. ಅದಕ್ಕೇ ಅವರಿಗೆ ಹೇಳೇ ಇಲ್ಲ ನಾವು."

ಮಕ್ಕಳು. ದಶಮಿಯ ದಿನ ಜಪಾನಿನವಳ ತೋಳು ಹೊಲಿದು ಮುಗಿಸಿ ಮೀನಾಕ್ಷಿ ಹಿತ್ತಲಿಗೆ ಕೈ ತೊಳೆಯಲು ಹೋಗಿದ್ದಳು. ಎರಡು ನಿಮಿಷ. ನಯನಾ ಒಬ್ಬಳೇ ಇದ್ದಳು. ನಾಲ್ಕು ಭಾನುವಾರ ಕೂತು ಮಣಿ ಪೋಣಿಸಿದ ಹುಡುಗಿ.

ಇಂದುಧರ ಬಂದುಹೋದ ದಿನ ಸಂಜೆ ಮಗಳು ಸ್ನಾನಕ್ಕೆ ಹೋದಾಗ ಮೀನಾಕ್ಷಿ ಅವಳ ಶಾಲೆಯ ಚೀಲದ ಜಿಪ್ಪು ಎಳೆದಳು. ಕಂಪಾಸು ಪೆಟ್ಟಿಗೆ, ಒಣಗಿದ ನೆಲ್ಲಿಕಾಯಿ, ಕಿರೀಟ ಬರೆದ ನೋಟ್‌ಬುಕ್ಕು. ಕೈ ಚೀಲದ ತಳಕ್ಕೆ ಹೋಗಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ನಯನಾ. ಟವೆಲ್ ಮರೆತು ಹಿಂದಿರುಗಿದ್ದಳು.

"ಏನ್ ಹುಡುಕ್ತಿದ್ದೀಯಮ್ಮ?"

"ಪೆನ್ನು."

ಪೆನ್ನು ಅವಳ ಪಕ್ಕದ ಮೇಜಿನ ಮೇಲೇ ಇತ್ತು. ನಯನಾ ಅದನ್ನು ನೋಡಿದಳು, ತಾಯಿಯನ್ನೂ ನೋಡಿದಳು. ಟವೆಲ್ ತೆಗೆದುಕೊಂಡು ಹೋದಳು.

ಮರುದಿನದಿಂದ ಶಾಲೆಯಿಂದ ಬಂದವಳೇ ನಯನಾ ಚೀಲವನ್ನು ನಡುಮನೆಯ ಮಧ್ಯೆ ಇಟ್ಟು, ಜಿಪ್ಪನ್ನು ತುದಿಯವರೆಗೆ ಎಳೆದು ತೆರೆದಿಡತೊಡಗಿದಳು. ದಿನವೂ ಅದೇ ಜಾಗ, ಸರ್‍ರ್ ಎನ್ನುವ ಅದೇ ಸದ್ದು. ರಾತ್ರಿ ಮಲಗುವ ಮುನ್ನ ತಾನೇ ಮುಚ್ಚುವಳು. ಹದಿನೈದು ದಿನದಿಂದ ಮೀನಾಕ್ಷಿಗೆ ಆ ಚೀಲವನ್ನು ಮುಟ್ಟುವ ಧೈರ್ಯವಾಗಿರಲಿಲ್ಲ.

"ಒಳಕ್ಕೆ ಬರ್ಬೇಕಂತೆ" ಎಂದಳು ಜಗುಲಿಗೆ ಬಂದ ಶಿವಗಂಗಮ್ಮ.

ಹೊಸ್ತಿಲಲ್ಲೇ ಹೇಮಲತಾ ಸಿಕ್ಕು ದನಿ ತಗ್ಗಿಸಿದಳು. "ಅತ್ತೆಗೆ ಹೇಗೋ ಗೊತ್ತಾಗಿದೆ ಅನ್ಸತ್ತೆ. ಜಾಸ್ತಿ ಏನೂ ಹೇಳೋಕೆ ಹೋಗ್ಬೇಡಿ." ಕಣ್ಣು ಮೀನಾಕ್ಷಿಯ ಕೈಚೀಲದ ಮೇಲಿತ್ತು.

ರುದ್ರಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಅವರ ಹಸಿರು ಬಣ್ಣದ ತಗಡಿನ ಟ್ರಂಕು. ಪಟ್ಟದ ಗೊಂಬೆಗಳ ಟ್ರಂಕು. ವರ್ಷಕ್ಕೊಮ್ಮೆ, ಅದೂ ಅವರ ಕೈಯಿಂದಲೇ ತೆರೆಯುವಂಥದ್ದು.

"ಬಾರವ್ವ ಮೀನಾಕ್ಷಿ. ಹಿಂಗ್ ಕೂತ್ಕ. ಹೇಮಾ, ನೀನೊಸಿ ಆಚೆಗ್ ಹೋಗು."

"ಇರಲಿ ಅತ್ತೆ, ನಾನೂ ಇರ್ತೀನಿ."

"ಇರು ಮತ್ತೆ. ಬೈಯ್ಬ್ಯಾಡ." ಮುದುಕಿ ನಿಟ್ಟುಸಿರು ಬಿಟ್ಟು ಮುಚ್ಚಳ ಎತ್ತಿದರು. "ಮಾನವಮಿ ದಿನ ನೋಡ್ತೀನಿ, ನನ್ನ ರಾಣೀಗೆ ಗೆದ್ಲು ಹತ್ಬುಟ್ಟೈತೆ. ಪಾದ ಪುಡಿ ಪುಡಿ. ಹಬ್ಬದಲ್ಲಿ ಪಟ್ಟದ ಗೊಂಬೆ ಮುರೀತು ಅಂದ್ರೆ ಇವ್ಳು ಅಪಶಕುನ ಅಂತ ಹೆದರ್ಕತಾಳೆ. ಅದ್ಕೇ ಯಾರ್ಗೂ ಹೇಳ್ನಿಲ್ಲ. ಆದ್ರೆ ದಶಮಿ ರಾತ್ರಿ ಗೊಂಬೆ ಮಲಗಿಸ್ಬೇಕಲ್ಲ? ರಾಜನ್ನ ಒಂಟಿಯಾಗ್ ಮಲಗಿಸ್ತಾರಾ ಯಾರಾದ್ರೂ?"

ಹಳೆಯ ಪಂಚೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿದರು. ಮರದ ರಾಜನ ಪಕ್ಕದಲ್ಲಿ, ಸಾಸಿವೆ ಮಣಿಯ ಕಿರೀಟ ಒಂದಿಷ್ಟೂ ವಾಲದೆ, ಕಣ್ಣು ಕೆಳಗೆ ಮಾಡಿ ಹೊಯ್ಸಳರ ರಾಣಿ ಮಲಗಿದ್ದಳು.

"ಆ ಚೀನಾದೋಳು, ರಷ್ಯಾದೋಳು ನಮ್ ರಾಜಂಗೆ ಒಗ್ಗಲ್ಲ. ಇವ್ಳು ನಮ್ ಸೀಮೆ ಹೆಣ್ಣು. ಎಲ್ಲಾ ಸರಿ ಐತೆ, ಭುಜ ಒಂದ್ ಬರಿ ಐತೆ ಕಣವ್ವ. ಗುಡೀಲಿ ಕಲ್ಲಿಗೆ ಚಳಿ ಆಗಾಕಿಲ್ಲ, ಪೆಟ್ಗೇಲಿ ಮಲಗೋಳ್ಗೆ ಆಯ್ತದೆ. ಒಂದ್ ಕುಪ್ಪಸ ಹೊಲ್ಕೊಡು."

ಮೀನಾಕ್ಷಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಚೀಲದಿಂದ ಅಳತೆಯ ಟೇಪು ತೆಗೆದಳು. ಅಭ್ಯಾಸಬಲದಿಂದ ಕೈ ತನ್ನ ಪಾಡಿಗೆ ಗೊಂಬೆಯ ಭುಜ ಅಳೆಯಿತು. ಒಂದೂಮುಕ್ಕಾಲು ಇಂಚು.

ಹೇಮಲತಾಳ ಮುಖ ಬಿಳಿಚಿ, ಮತ್ತೆ ಕೆಂಪಾಗಿ, ಕೊನೆಗೆ ಜೋರಾಗಿ ನಗುವಾಯಿತು. "ರೀ, ಇಲ್ಲಿ ಬನ್ರೀ! ರಾಣಿ ಸಿಕ್ಕಿದ್ಲು!" ಇಂದುಧರ ಕೈಯಲ್ಲಿದ್ದ ಕಾಯಿಯ ಸಮೇತ ಅಟ್ಟದಿಂದ ಇಳಿದು ಬಂದರು. ಟ್ರಂಕು ನೋಡಿದರು, ಮೀನಾಕ್ಷಿಯನ್ನು ನೋಡಿದರು, ಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು.

"ಅಲ್ಲಮ್ಮ, ನಾವೇನು ನಿಮ್ಮ ಮೇಲೆ ಅನುಮಾನ ಪಟ್ವಾ? ಸುಮ್ನೆ ಒಂದು ಮಾತು ಕೇಳಿದ್ವಿ, ಅಷ್ಟೇ" ಎಂದರು ಮೀನಾಕ್ಷಿಯ ಕಡೆ ತಿರುಗಿ.

"ಏನು? ಯಾರ್ ಮ್ಯಾಲೆ ಅನುಮಾನ?" ಎಂದರು ರುದ್ರಮ್ಮ. "ಏನ್ ನಡೀತೈತೆ ಈ ಮನ್ಯಾಗೆ?"

ಹೇಮಲತಾ ಅಡುಗೆಮನೆಯ ಕಡೆ ತಿರುಗಿದಳು.

"ಶಿವಗಂಗಮ್ಮ, ಮೀನಾಗೆ ಬಿಸಿ ಕಾಫಿ ತನ್ನಿ, ಸ್ಟೀಲ್ ಲೋಟದಲ್ಲಿ ತನ್ನಿ" ಎಂದಳು ಹೇಮಲತಾ. "ಕೂತ್ಕೋ ಕಣೇ ಮೀನಾ. ಮನ್ಸಲ್ಲಿ ಏನೂ ಇಟ್ಕೋಬೇಡ. ಜನವರೀಲಿ ಬೇಲೂರಲ್ಲಿ ಮಹಿಳಾ ಸಂಘದವರು ಪ್ರದರ್ಶನಕ್ಕೆ ಕೇಳಿದ್ದಾರೆ, ಒಂಬತ್ತೂ ರಾಣಿಯರನ್ನ. ಬೋರ್ಡಲ್ಲಿ ನಿನ್ನ ಹೆಸರು ದೊಡ್ಡದಾಗಿ ಬರೆಸ್ತೀನಿ. ರುಕ್ಮಿಣಮ್ಮನಿಗೂ ಈಗ್ಲೇ ಫೋನ್ ಮಾಡಿ ಹೇಳ್ತೀನಿ..."

ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಶಾಲೆ ಬಿಟ್ಟಿರುತ್ತದೆ. ಇನ್ನು ಹತ್ತು ನಿಮಿಷಕ್ಕೆ ಸ್ಟೇಷನ್ ಹಿಂದಿನ ಮನೆಯಲ್ಲಿ ಒಂದು ಚೀಲ ನಡುಮನೆಗೆ ಬರುತ್ತದೆ. ಸರ್‍ರ್ ಎಂದು ಬಾಯಿ ತೆರೆದು ಕಾಯುತ್ತದೆ. ಈ ಮನೆಯವರ ಗೊಂಬೆ ಸಿಕ್ಕಿತು. ಇವರ ಬಳಿ ತನಗೆ ಕೊಡಲು ಕಾಫಿಯಿದೆ, ಬೋರ್ಡಿದೆ. ತಾನು ಆ ಹುಡುಗಿಗೆ ಏನು ಕೊಡುವುದು?

ಮೀನಾಕ್ಷಿ ಚೀಲದಿಂದ ಬೆರಳಗಲದ ಒಂದು ರೇಷ್ಮೆ ಚೂರು ಹುಡುಕಿ ರಾಣಿಯ ಭುಜಕ್ಕೆ ಸುತ್ತಿ, ತುದಿ ಸಿಕ್ಕಿಸಿದಳು. "ಸದ್ಯಕ್ಕೆ ಇದು ಇರಲಿ ಅಜ್ಜಿ, ಚಳಿಗೆ" ಎಂದು ರುದ್ರಮ್ಮನ ಕೈಗೆ ಕೊಟ್ಟು ಎದ್ದಳು.

"ಹತ್ತನೇ ರಾಣಿ ಯಾರು ಅಂತ ಈ ಸಲ ನೀನೇ ಆರ್ಸು," ಹೇಮಲತಾ ಹೇಳುತ್ತಲೇ ಇದ್ದಳು. "ನಯನಾನೂ ಕರ್ಕೊಂಡು ಬಾ, ಪಾಪ, ಆ ಕಿರೀಟ ಎಷ್ಟು ಚೆನ್ನಾಗಿ..."

ಮೀನಾಕ್ಷಿ ನಡುಮನೆ ದಾಟಿದಳು. ಸ್ಟೀಲ್ ಲೋಟ ಹಿಡಿದು ಎದುರಾದ ಶಿವಗಂಗಮ್ಮನಿಗೆ ದಾರಿ ಬಿಟ್ಟು, ಜಗುಲಿಯ ಕೆಳಗೆ ಚಪ್ಪಲಿ ಮೆಟ್ಟಿಕೊಂಡಳು.

"ಮೀನಾ? ಏ ಮೀನಾ, ನಾನಿನ್ನೂ ಮಾತಾಡ್ತಾ..."

ಅವಳು ಆಗಲೇ ಬೀದಿಯ ತಿರುವಿನಲ್ಲಿದ್ದಳು.