ಮಲ್ಲಣ್ಣನ ಪಾಯ

ಕೊಲ್ಹಾರದ ಸುತ್ತ ಯಾರೇ ಮನೆ ಕಟ್ಟಿಸಲಿ, ಪಾಯ ತೋಡುವ ದಿನ ಗೌಂಡಿ ಮಲ್ಲಣ್ಣನೇ ಬರಬೇಕು. ಎರೆಮಣ್ಣಿನ ಸೀಮೆ ಅದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಲ್ಲಣ್ಣ ಹಾರೆಯಿಂದ ಕುಟ್ಟಿ, ಕಿವಿಗೊಟ್ಟು, ಕೆಳಗಿನ ಗಟ್ಟಿ ಗರಸುಮಣ್ಣು ಹತ್ತಿದ ಸಪ್ಪಳ ಕೇಳುವ ತನಕ ಮೊದಲ ಕಲ್ಲು ಇಳಿಸುತ್ತಿರಲಿಲ್ಲ. ಮಾಲಕರು ಸಾಕೆಂದರೆ, "ಒಳಗ ಮಲಗಾವ್ರು ನೀವು, ನಾ ಅಲ್ರಿ" ಎಂದು ಇನ್ನೊಂದು ಮೊಳ ತೋಡಿಸುವನು.

ಹರೆಯದಲ್ಲಿ ಅವನು ಕುಡಿದು ಗಟಾರದಲ್ಲಿ ಬಿದ್ದಿರುತ್ತಿದ್ದವನೇ. ಚೊಚ್ಚಲ ಕೂಸು ಮಣ್ಣಾದ ವರ್ಷ ಹೆಂಡತಿ ಮರೆವ್ವ ಯೇಸುವಿನ ಹೆಸರು ಹಿಡಿದು ಕೂತಳು. ಮಲ್ಲಣ್ಣ ಮೊದಲು ಬೈದ, ಆಮೇಲೆ ಬಾಗಿಲ ಹೊರಗೆ ನಿಂತು ಅವಳ ಪ್ರಾರ್ಥನೆ ಕೇಳಿದ, ಒಂದು ದಿನ ತಾನೂ ಒಳಬಂದು ಮೊಣಕಾಲೂರಿದ. ಕುಡಿತ ಅಲ್ಲಿಗೇ ಬಿಟ್ಟಿತು. ಆ ಸಂತೋಷಕ್ಕೆ ಊರಿನ ವಿಶ್ವಾಸಿಗಳಿಗೆಲ್ಲ ಒಂದು ಪ್ರಾರ್ಥನಾ ಮನೆ ಕಟ್ಟಿಕೊಟ್ಟ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಏರಿ ಬಂತು. ಜನ ಬಾಗಿಲು, ತೊಲೆ ಬಿಚ್ಚಿಕೊಂಡು ಹೊಸ ಊರಿಗೆ ಹೋದರು. ನೆರೆಯ ಮಶಾಕಸಾಬನ ಟ್ರ್ಯಾಕ್ಟರಿನಲ್ಲಿ ಮಲ್ಲಣ್ಣ ಪ್ರಾರ್ಥನಾ ಮನೆಯ ಗೋಡೆಗಲ್ಲನ್ನೆಲ್ಲ ಸಾಗಿಸಿದ. ಪಾಯದ ಕಲ್ಲು ಮಾತ್ರ ಏಳಲಿಲ್ಲ. ಅಷ್ಟು ಆಳಕ್ಕೆ ಇಳಿಸಿದವನು ತಾನೇ. ಎರಡು ದಿನದಲ್ಲಿ ಅದರ ಮೇಲೆ ಟೊಂಕಮಟ ನೀರು ನಿಂತಿತು.

ಹೊಸ ಊರಲ್ಲಿ ಬೇವಿನ ಗಿಡಕ್ಕೆ ತಾಡಪತ್ರಿ ಕಟ್ಟಿ ಆರಾಧನೆ ಶುರುವಾಯಿತು. ಮಲ್ಲಣ್ಣ ಮೂರು ತಿಂಗಳಾದರೂ ಅತ್ತ ಸುಳಿಯಲಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿ ಕೂತರೂ ಒಂದು ಮಾತು ಹೊರಡುತ್ತಿರಲಿಲ್ಲ. ಒಳಗೆ ಬತ್ತಿಹೋಯಿತೇನೋ ಎಂದು ಅವನಿಗೇ ದಿಗಿಲು.

ಒಂದು ಭಾನುವಾರ ಮನೆ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತವನನ್ನು ಕಂಡು ಮಶಾಕಸಾಬ ಕೆಣಕಿದ: "ಏನೋ ಮಲ್ಲಣ್ಣ, ನಿಮ್ಮ ದೇವರು ನನ್ನ ಟ್ರ್ಯಾಕ್ಟರ್ ಹತ್ತಲಿಲ್ಲೇನು? ಹೇಳಿದ್ರ ಇನ್ನೊಂದ ಟ್ರಿಪ್ ಹೊಡೀತಿದ್ನಲ್ಲ."

"ಪಾಯಾನ ನೀರಾಗ ಹೋತು, ಸಾಬಣ್ಣ. ಎದರ ಮ್ಯಾಲ ನಿಂತು ಪ್ರಾರ್ಥನಾ ಮಾಡ್ಲಿ?"

ಆರಾಧನೆಗೆ ಹೊರಟಿದ್ದ ಮರೆವ್ವ ನಿಂತಳು. "ಕೇಳಿದಿ ಮಶಾಕಣ್ಣ? ದೇವರಿಗೂ ತಾವ ಪಾಯಾ ಹಾಕೇವಿ ಅಂದ್ಕೊಂಡಾರ ಇವ್ರು." ಗಂಡನ ಕಡೆ ತಿರುಗಿದಳು. "ಗಟಾರದಾಗ ಬಿದ್ದಿದ್ರಲ್ಲ, ಆವಾಗ ಆ ಮನಿ ಇತ್ತೇನ್ರಿ?"

"ಇರಲಿಲ್ಲ."

"ಮತ್ತ ಯಾರು ಎಬ್ಬಿಸಿದ್ರು?"

ಮಲ್ಲಣ್ಣ ತಲೆ ತಗ್ಗಿಸಿದ. "ಯೇಸು."

"ನೀವು ಕಲ್ಲು ಇಳಸೂಕಿಂತ ಮೊದಲ ಆತ ನಮ್ಮ ಕೆಳಗ ಆಸರಾಗಿ ನಿಂತಿದ್ದ. ಈಗೂ ಅದಾನ. ಮುಳುಗಿದ್ದು ನಿಮ್ಮ ಕೆಲಸ ಅಷ್ಟ. ಏಳ್ರಿ, ಹೊತ್ತಾತು."

ಮಶಾಕಸಾಬ ಮೀಸೆಯಲ್ಲೇ ನಕ್ಕು ಟ್ರ್ಯಾಕ್ಟರ್ ಹತ್ತಿದ.

ತಾಡಪತ್ರಿಯ ಕೆಳಗೆ, ಬರೀ ನೆಲದ ಮೇಲೆ ಮಲ್ಲಣ್ಣ ಮೊಣಕಾಲೂರಿದ. ಅಂಗೈಯನ್ನು ನೆಲಕ್ಕೊತ್ತಿದ. ಕಡೆಗೆ, "ಅಪ್ಪಾ ಯೇಸು, ನೀ ಇಲ್ಲೇ ಇದ್ದಿ. ನಾನ ದೂರ ಹೋಗಿದ್ನಿ" ಎಂದ. ಆಮೇಲೆ ಮಾತಿಗೆ ತಡೆಯೇ ಇರಲಿಲ್ಲ. ಅವನು ಕಣ್ಣು ತೆರೆಯುವಷ್ಟರಲ್ಲಿ ದೊಡ್ಡವರು ಮನೆಗೆ, ಹುಡುಗರು ಆಡಲು ಹೋಗಿದ್ದರು. ಮರೆವ್ವ ಮಾತ್ರ ಮಗ್ಗುಲಲ್ಲಿ ಕೂತೇ ಇದ್ದಳು.